ನಲವತ್ತು ಗೋಡೆ, ಒಂದು ತಲೆ

ಜನವರಿ 9

ಪೇಂಟರ್ ಮೇಸ್ತ್ರಿಯವರಿಗೆ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಕೈಕೆಲಸ ಮಾತ್ರ ನನಗೆ ಹದಿನಾರು ವರ್ಷದಿಂದ ಗೊತ್ತು. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಎದುರಿಗೆ ಒಂದು ಹಳೇ ಗೋದಾಮಿದೆ, ಅದರ ಗೋಡೆಯ ಮೇಲೆ ನೀವು ಬರೆದ ನಾಯಕರಿದ್ದಾರೆ. ಬೆಳಿಗ್ಗೆ ಶಟರ್ ಎತ್ತಿದರೆ ಅವರೇ, ಸಂಜೆ ಎಳೆಯುವಾಗಲೂ ಅವರೇ. ಕಿವಿಯ ಹತ್ತಿರ ಗಾರೆ ಉದುರಿದೆ. ಗಲ್ಲದ ಮೇಲೆ ಯಾರೋ ನಲ್ಲಿ ರಿಪೇರಿಯವರ ಫೋನ್ ನಂಬರು ಗೀಚಿದ್ದಾರೆ. ಕೆಳಗೆ ಮೂಲೆಯಲ್ಲಿ ನಿಮ್ಮ ಗುರುತು, ಒಂದು ಪುಟ್ಟ ಏಣಿ. ಅದನ್ನೇ ಹಿಡಿದುಕೊಂಡು ಬೋರ್ಡ್ ಬರೆಯುವವರನ್ನೆಲ್ಲ ಕೇಳಿ ಈ ವಿಳಾಸ ಪತ್ತೆ ಮಾಡಿದೆ. "ಅಯ್ಯೋ, ಏಣಿ ಮೇಸ್ತ್ರಿನಾ? ಇನ್ನೂ ಇದ್ದಾರಾ?" ಎಂದು ಒಬ್ಬರು ಕೇಳಿದರು. ಇದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ.

ನಾನು ಅವರ ಮಗಳು. ಒಬ್ಬಳೇ ಮಗಳು. ಅಂಗಡಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಗಿರಾಕಿಗಳು ಕಣ್ಣು ತೋರಿಸುವುದು ಬಿಟ್ಟು ಅವರ ಕಥೆ ಹೇಳಲು ಕೂರುತ್ತಾರೆ. ನನ್ನ ಹೆಗಲ ಮೇಲೆ ಕೈ ಇಟ್ಟಿದ್ದರು, ನಮ್ಮ ಮನೆಯಲ್ಲಿ ನೀರು ಕುಡಿದಿದ್ದರು, ನನ್ನನ್ನು ಹೆಸರು ಹಿಡಿದು ಕರೆದಿದ್ದರು ಎಂದು. ಎಲ್ಲರ ಹತ್ತಿರವೂ ಇದೆ ಒಂದೊಂದು ನೆನಪು. ನನ್ನ ಹತ್ತಿರ ಇರುವುದೂ ಒಂದೇ, ಅದೂ ಈಗ ನಿಜವೋ ಸುಳ್ಳೋ ತಿಳಿಯದ ಹಾಗಾಗಿದೆ.

ವಿಷಯ ಇಷ್ಟು. ಅಪ್ಪ ಹೋಗಿ ಮೂವತ್ತೊಂದು ವರ್ಷವಾಯಿತು. ಪಕ್ಷದವರು ಕಂಚಿನ ಪ್ರತಿಮೆ ಮಾಡಿಸುತ್ತಿದ್ದಾರೆ. ಕಂಚು ಎರೆಯುವ ಮೊದಲು ಮಣ್ಣಿನ ಮೂರ್ತಿಯನ್ನು ಮನೆಯವರು ನೋಡಿ, ಏಪ್ರಿಲ್ ಮೂವತ್ತರೊಳಗೆ ಒಪ್ಪಿಗೆಯ ಸಹಿ ಹಾಕಬೇಕಂತೆ. ಮನೆಯವರೆಂದರೆ ನಾನು. ಹೋಗಿ ನೋಡಿದೆ. ಮೂಗು ಸರಿ, ಹುಬ್ಬು ಸರಿ, ನಗು ಕೂಡ ಸರಿ. ಬೈತಲೆ ಮಾತ್ರ ಅವರ ಬಲಗಡೆಗಿದೆ. ನನ್ನ ನೆನಪಿನ ಅಪ್ಪನಿಗೆ ಅದು ಎಡಗಡೆ.

ಪಕ್ಷದ ಹಳೇ ಕಾರ್ಯದರ್ಶಿಗಳು ನಕ್ಕರು. "ಏನಮ್ಮಾ, ತಮಾಷೆ ಮಾಡ್ತೀಯಾ? ಯಾವ ಗೋಡೆ ಬೇಕಾದ್ರೂ ನೋಡು, ಯಾವ ಪೇಪರ್ ಬೇಕಾದ್ರೂ ತೆಗಿ, ಬಲಗಡೆನೇ. ನೀನು ಚಿಕ್ಕೋಳಿದ್ದೆ, ಕನ್ನಡಿಯಲ್ಲಿ ನೋಡಿರ್ತೀಯ."

ಇರಬಹುದು. ಕನ್ನಡಿ ಮುಂದೆ ಕೂರಿಸಿ ಜನರಿಗೆ ಕನ್ನಡಕ ತೊಡಿಸುವುದೇ ನನ್ನ ಕಸುಬು. ಅದು ಎಷ್ಟು ಸಲೀಸಾಗಿ ಎಡಬಲ ಅದಲುಬದಲು ಮಾಡುತ್ತದೆಂದು ನನಗೆ ಗೊತ್ತಿಲ್ಲವೇ? ಮನೆಯಲ್ಲಿದ್ದ ಫೋಟೋಗಳನ್ನೆಲ್ಲ ಸ್ಮರಣ ಸಂಚಿಕೆಗೆಂದು ಒಯ್ದವರು ಒಂದನ್ನೂ ಹಿಂದೆ ಕೊಡಲಿಲ್ಲ. ಅಮ್ಮ ಹೋಗಿ ಆರು ವರ್ಷ. ಕೇಳೋಣವೆಂದರೆ ಯಾರೂ ಉಳಿದಿಲ್ಲ.

ಅವರ ಮುಖವನ್ನು ಮೊಟ್ಟಮೊದಲು ಗೋಡೆಗೆ ತಂದವರು ನೀವಂತೆ. ಆಗ ನಿಮ್ಮ ಕೈಗೆ ಕೊಟ್ಟ ಫೋಟೋದಲ್ಲಿ ಬೈತಲೆ ಯಾವ ಕಡೆಗಿತ್ತು? ಒಂದೇ ಪದ ಬರೆದರೂ ಸಾಕು. ವಿಳಾಸ ಬರೆದ ಲಕೋಟೆ ಜೊತೆಗಿದೆ.

ಇಂತಿ,
ಕನ್ನಡಕದ ಅಂಗಡಿಯವಳು


ಜನವರಿ 28

ಅಮ್ಮಾವ್ರಿಗೆ ಏಣಿ ಮೇಸ್ತ್ರಿಯ ನಮಸ್ಕಾರ.

ಇದ್ದೇನೆ, ಇನ್ನೂ ಇದ್ದೇನೆ. ಸೈಕಲ್ ಅಂಗಡಿಯ ಮಹಡಿ ಮೇಲೆ ಒಂದು ಕೋಣೆ, ಒಂದು ಸ್ಟೌ, ಹದಿನೇಳು ಬ್ರಷ್ಷು. ಏಣಿ ಕೆಳಗೆ ಮೆಟ್ಟಿಲ ಸಂದಿಯಲ್ಲಿ ಮಲಗಿದೆ, ಸೈಕಲ್ ಅಂಗಡಿಯವನು ಅದರ ಮೇಲೆ ಟ್ಯೂಬು ಒಣಹಾಕುತ್ತಾನೆ. ಈಗ ಗೋಡೆ ಬರೆಸುವವರು ಯಾರು ಹೇಳಿ? ಫ್ಲೆಕ್ಸ್ ಮಿಷನ್ನಿಗೆ ಒಂದು ಗುಂಡಿ ಒತ್ತಿದರೆ ಗಂಟೆಗೆ ನೂರು ಮುಖ ಕಕ್ಕುತ್ತದೆ. ದಿನವಿಡೀ ನನ್ನ ಜೊತೆ ಮಾತಾಡುವುದು ರೇಡಿಯೋ ಒಂದೇ, ಅದೂ ನಾನು ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ.

ನಾಯಕರ ಮಗಳು ನನಗೆ ಬರೆಯುವುದೆಂದರೇನು! ಮೊದಲ ಸಲ ಕೂತು ಓದಿದೆ, ಎರಡನೇ ಸಲ ಎದ್ದು ನಿಂತು ಓದಿದೆ.

ತಾಯಿ, ಗೋಡೆ ಮೇಲಿರುವುದೇ ಸರಿ ಅಂತ ಇಟ್ಟುಕೊಳ್ಳಿ. ಅವರು ಬದುಕಿದ್ದಾಗ ನಾನು ಅವರ ಮುಖ ಇನ್ನೂರು ಗೋಡೆ ಬರೆದಿರಬಹುದು, ಹೋದ ಮೇಲೆ ಎರಡು ಸಾವಿರ. ಸತ್ತ ಮೇಲೆ ಅವರಿಗೆ ಒಂದು ಚುನಾವಣೆಯೂ ತಪ್ಪಲಿಲ್ಲ. ಆಗಿನ ಹುಡುಗರು ಸಲೂನಿನಲ್ಲಿ ಕೂತು "ಲೀಡರ್ ಕ್ರಾಪು" ಅಂದರೆ ಸಾಕು, ಬಲಗಡೆ ಬೈತಲೆ ತೆಗೆದು ಕಳಿಸುತ್ತಿದ್ದರು. ಈಗಿನ ಮಂತ್ರಿಗಳೆಲ್ಲ ಆ ಹುಡುಗರೇ. ಬೇಕಾದರೆ ಅವರ ತಲೆ ನೋಡಿ, ಕೂದಲಿದ್ದವರದು. ಇಷ್ಟು ತಲೆ ಒಂದು ಕಡೆ ಇರುವಾಗ ನಾವಿಬ್ಬರು ಕೂತು ಎಡವೋ ಬಲವೋ ಅಂದರೆ ನಮಗೇ ತಲೆ ಕೆಟ್ಟಿದೆ ಅನ್ನುತ್ತಾರೆ.

ಆ ಫೋಟೋ ನನಗೆ ನೆನಪಿಲ್ಲ. ವಯಸ್ಸು ಎಪ್ಪತ್ತನಾಲ್ಕಾಯಿತು. ಸಹಿ ಹಾಕಿಬಿಡಿ ತಾಯಿ, ಸುಮ್ಮನೆ ಯಾಕೆ ಮನಸ್ಸಿಗೆ ತೊಂದರೆ.

ವಿಧೇಯ,
ಏಣಿ


ಫೆಬ್ರವರಿ 6

ಮೇಸ್ತ್ರಿಗಳೇ,

ಹದಿನೇಳು ಬ್ರಷ್ಷು ಎಣಿಸಿ ಹೇಳುವವರು ಫೋಟೋ ನೆನಪಿಲ್ಲ ಎನ್ನುತ್ತೀರಿ. ಇರಲಿ.

ನಿಮ್ಮ ಸಾಲುಗಳು ಬಲಕ್ಕೆ ಹೋಗುತ್ತಾ ಹೋಗುತ್ತಾ ಜಾರುತ್ತವೆ, ಕೊನೆಕೊನೆಗೆ ಅಕ್ಷರದ ಮೇಲೆ ಅಕ್ಷರ ಕೂರುತ್ತದೆ. ಬಲಗಣ್ಣಿಗೆ ಪೊರೆ ಬಂದಿರಬೇಕು. ಡಾಕ್ಟರಿಗೆ ತೋರಿಸಿ. ಇದು ಕಸುಬಿನ ಮಾತು, ಉಪಕಾರವಲ್ಲ.

ಈಗ ನನ್ನ ಹತ್ತಿರ ಇರುವ ಆ ಒಂದನ್ನು ಹೇಳಿಬಿಡುತ್ತೇನೆ. ಅಪ್ಪ ಮೊದಲ ಚುನಾವಣೆ ಗೆದ್ದಾಗ ನನಗೆ ಏಳು ವರ್ಷ. ಆಮೇಲೆ ಅವರು ಮನೆಗೆ ಬಂದದ್ದು ವರ್ಷಕ್ಕೆ ನಾಲ್ಕು ಸಲವಾದರೆ ಹೆಚ್ಚು. ಬಂದವರೇ ಸ್ನಾನ ಮಾಡಿ, ಕುರ್ಚಿ ಎಳೆದು ಕೂತು, "ಎಲ್ಲಿ ನಮ್ಮ ಬಾಚಣಿಗೆ ಮೇಡಮ್ಮು?" ಎಂದು ಕೂಗುತ್ತಿದ್ದರು. ನಾನು ಸ್ಟೂಲು ಹತ್ತಿ ಒದ್ದೆ ಕೂದಲು ಬಾಚುತ್ತಿದ್ದೆ. ಚಿಕ್ಕವಳಿದ್ದಾಗಿನಿಂದ ಹೇಗೆ ಬಾಚುತ್ತಿದ್ದೆನೋ ಹಾಗೇ, ಎಡಗಡೆ ಬೈತಲೆ. ಪೇಪರಿನಲ್ಲಿ ಬರುವ ಅಪ್ಪನಿಗೆ ಬಲಗಡೆ ಇರುತ್ತಿತ್ತು. ಪೇಪರಿನ ಅಪ್ಪ ಬೇರೆ, ಮನೆಗೆ ಬರುವ ಅಪ್ಪ ಬೇರೆ ಎಂದುಕೊಂಡಿದ್ದೆ. ಅದರಲ್ಲಿ ನನಗೇನೂ ವಿಚಿತ್ರ ಕಂಡಿರಲಿಲ್ಲ.

ನನಗೆ ಹನ್ನೆರಡಾಗಿದ್ದಾಗ ಪ್ರವಾಸದ ನಡುವೆ, ಭಾಷಣ ಮುಗಿಸಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಅಷ್ಟು ಜನಪ್ರೀತಿ ಆ ತನಕ ಯಾರಿಗೂ ಸಿಕ್ಕಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಪಕ್ಷದ ಕಚೇರಿಯ ಹಾಲಿನಲ್ಲಿ ಮಲಗಿಸಿದ್ದರು. ಸಾಲು ರಸ್ತೆಯ ತುದಿ ದಾಟಿತ್ತು. ಹತ್ತಿರ ಹೋಗಿ ನೋಡಿದೆ, ತಲೆ ತಪ್ಪಾಗಿತ್ತು. ಲಂಗದ ಜೇಬಿನಲ್ಲಿ ನನ್ನ ಬಾಚಣಿಗೆ ಇತ್ತು. ತೆಗೆದು ಎಡಕ್ಕೆ ಬೈತಲೆ ತೆಗೆದು ಬಾಚಿದೆ.

ಕಾರ್ಯದರ್ಶಿಗಳು ಓಡಿ ಬಂದು ಕೈಯಿಂದ ಕಿತ್ತುಕೊಂಡರು. "ಏ, ಏನ್ ಮಾಡ್ತಿದೀಯ? ಜನ ಗುರುತೇ ಹಿಡಿಯಲ್ಲ!" ನನ್ನ ಕಣ್ಣೆದುರೇ ಮತ್ತೆ ಬಲಕ್ಕೆ ಬಾಚಿದರು. ಸಾಲಿನಲ್ಲಿದ್ದ ಹೆಂಗಸೊಬ್ಬರು, "ಪಾಪ, ದುಃಖದಲ್ಲಿ ಮಗೂಗೆ ಎಡಬಲ ತಿಳೀತಿಲ್ಲ" ಎಂದರು. ಕಾರ್ಯದರ್ಶಿಗಳು ಬಾಚಣಿಗೆಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಹೋದರು.

ಆ ಬಾಚಣಿಗೆ ಈಗ ಸ್ಮಾರಕದ ಗಾಜಿನ ಪೆಟ್ಟಿಗೆಯಲ್ಲಿದೆ. "ಜನನಾಯಕರು ಬಳಸುತ್ತಿದ್ದ ಬಾಚಣಿಗೆ" ಎಂದು ಚೀಟಿ ಅಂಟಿಸಿದ್ದಾರೆ. ಗುಲಾಬಿ ಬಣ್ಣದ್ದು, ಹಿಡಿಯ ಮೇಲೆ ಬಾತುಕೋಳಿ. ಅಷ್ಟು ದೊಡ್ಡ ಮನುಷ್ಯರು ಬಾತುಕೋಳಿ ಬಾಚಣಿಗೆ ಯಾಕೆ ಬಳಸುತ್ತಿದ್ದರು ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಅವತ್ತಿನಿಂದ ಅಪ್ಪನ ಬಗ್ಗೆ ಏನು ನೆನಪಾದರೂ ಬೆನ್ನಿಗೇ ಆ ಮಾತು ಬರುತ್ತದೆ, ಎಡಬಲ ತಿಳಿಯದವಳು ಎಂದು. ಪ್ರತಿಮೆ ಹೇಗಾದರೂ ಇರಲಿ, ಮೇಸ್ತ್ರಿಗಳೇ. ನನ್ನ ಕೈ ಅವತ್ತು ತಪ್ಪಿತ್ತೋ ಇಲ್ಲವೋ, ಅಷ್ಟು ಹೇಳಿ.

ಇಂತಿ,
ಕನ್ನಡಕದ ಅಂಗಡಿಯವಳು


ಮಾರ್ಚ್ 15

ತಾಯಿ,

ಐದು ವಾರ ಈ ಕಾಗದ ಮೇಜಿನ ಮೇಲಿತ್ತು. ದಿನಾ "ತಾಯಿ" ಅಂತ ಬರೆದು ಏಳುತ್ತಿದ್ದೆ.

ನಿಮ್ಮ ಕೈ ತಪ್ಪಿರಲಿಲ್ಲ. ಬೈತಲೆ ಎಡಗಡೆಯೇ. ತಪ್ಪಿದ್ದು ನನ್ನ ಕೈ.

ಗೋಡೆ ಬರೆಯುವ ಕ್ರಮ ನಿಮಗೆ ಗೊತ್ತಿರಲಿಕ್ಕಿಲ್ಲ. ಫೋಟೋ ನೋಡಿ ದೊಡ್ಡ ಹಾಳೆ ಮೇಲೆ ಪೆನ್ಸಿಲಿನಲ್ಲಿ ಮುಖ ಬರೆಯುತ್ತೇವೆ. ಆ ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚಿ ತೂತು ಮಾಡುತ್ತೇವೆ. ಹಾಳೆಯನ್ನು ಗೋಡೆಗೆ ಅಂಟಿಸಿ, ಇದ್ದಿಲ ಪುಡಿ ಕಟ್ಟಿದ ಬಟ್ಟೆಗಂಟಿನಿಂದ ಮೇಲೆ ತಟ್ಟಿದರೆ ಪುಡಿ ತೂತಿನಿಂದ ಇಳಿದು ಗೋಡೆ ಮೇಲೆ ಚುಕ್ಕಿಚುಕ್ಕಿಯಾಗಿ ಮುಖ ಮೂಡುತ್ತದೆ. ಆಮೇಲೆ ಬಣ್ಣ. ಬೇರೆ ಊರಿನ ಪೇಂಟರುಗಳಿಗೂ ಬೇಕಲ್ಲ, ಅದಕ್ಕೆ ಕೆಳಗೆ ಇನ್ನಷ್ಟು ಖಾಲಿ ಹಾಳೆ ಜೋಡಿಸಿ ಒಟ್ಟಿಗೇ ಚುಚ್ಚುತ್ತೇವೆ. ಪೆನ್ಸಿಲ್ ಗೆರೆ ಇರುವುದು ಮೇಲಿನ ಹಾಳೆಗೆ ಮಾತ್ರ. ಕೆಳಗಿನವಕ್ಕೆ ಬರೀ ತೂತು. ತೂತಿಗೆ ಹಿಂದೇನು, ಮುಂದೇನು?

ಅವರ ಮೊದಲ ಚುನಾವಣೆಗೆ ಹಾಳೆ ಚುಚ್ಚಿದ ದಿನ ನನಗೆ ಹಲ್ಲುನೋವು. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿತ್ತು. ಕೆಳಗಿನ ಹಾಳೆಗಳನ್ನು ಮಗುಚಿ ಇಟ್ಟುಕೊಂಡು, ಎಲ್ಲದರ ಹಿಂಬದಿಗೆ "ಇದು ಮುಂದೆ" ಅಂತ ಬರೆದು ಊರೂರಿಗೆ ಕಳಿಸಿಬಿಟ್ಟೆ. ನನ್ನ ಗೋಡೆಗೂ ಅದನ್ನೇ ಹಚ್ಚಿದೆ. ಹತ್ತು ದಿನಕ್ಕೆ ನಲವತ್ತು ಗೋಡೆ ಎದ್ದವು, ನಲವತ್ತರಲ್ಲೂ ಬೈತಲೆ ಬಲಕ್ಕೆ.

ಹನ್ನೊಂದನೇ ದಿನ ಅವರೇ ನನ್ನ ಗೋಡೆ ಮುಂದೆ ಬಂದು ನಿಂತರು. ಏಣಿ ಮೇಲಿಂದ ಅವರ ತಲೆ ನೋಡಿದೆ, ಗೋಡೆ ನೋಡಿದೆ, ಆಗ ತಪ್ಪು ಗೊತ್ತಾಯಿತು. ಅವರು ಜೋರಾಗಿ ನಕ್ಕರು. "ಅಲ್ಲಯ್ಯಾ, ನಾನು ಕನ್ನಡಿಯಲ್ಲಿ ಕಾಣೋ ಹಾಗೆ ಬರೆದುಬಿಟ್ಟಿದೀಯಲ್ಲ! ಇದು ನಾನೇ ಅಂತ ನನ್ನೊಬ್ಬನಿಗೇ ಗೊತ್ತಾಗೋದು."

ನಾನು ಕೈಮುಗಿದೆ. ಎಲ್ಲ ಗೋಡೆನೂ ತಿದ್ದಿಕೊಡ್ತೀನಿ ಸಾರ್ ಅಂದೆ.

"ಮತದಾನಕ್ಕೆ ಆರು ದಿನ ಇದೆ. ಗೋಡೆ ನಲವತ್ತು, ತಲೆ ಒಂದು. ಯಾವುದನ್ನ ತಿದ್ದೋದು ಸುಲಭ, ನೀನೇ ಹೇಳು?" ಅಂದವರು ಜೇಬಿನಿಂದ ಬಾಚಣಿಗೆ ತೆಗೆದು, ನನ್ನ ಗೋಡೆ ನೋಡಿಕೊಂಡೇ ಬೈತಲೆ ಬಲಕ್ಕೆ ತಿರುಗಿಸಿಕೊಂಡರು. "ಚುನಾವಣೆ ಮುಗೀಲಿ, ಮತ್ತೆ ಆ ಕಡೆಗೇ ಬಾಚ್ಕೋತೀನಿ. ಯಾರಿಗೂ ಬಾಯಿಬಿಡಬೇಡ, ನಿನ್ನ ಕೆಲಸ ಹೋಗುತ್ತೆ. ನಾನೂ ಹೇಳಲ್ಲ."

ಗೆದ್ದರು. ಆಮೇಲೆ ಮತ್ತೆ ಗೆದ್ದರು. ಒಂದು ಚುನಾವಣೆ ಮುಗಿಯುವುದರೊಳಗೆ ಇನ್ನೊಂದು ಬರುತ್ತಿತ್ತು. ಆ ಕಡೆಗೆ ಬಾಚಿಕೊಳ್ಳುವ ದಿನ ಬರಲೇ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಾನೂ ಬಾಯಿ ಹೊಲಿದುಕೊಂಡು ಕೂತೆ.

ಇಷ್ಟೇ ಆಗಿದ್ದರೆ ಐದು ವಾರ ಹಿಡಿಯುತ್ತಿರಲಿಲ್ಲ. ಅವತ್ತು ಆ ಹಾಲಿನಲ್ಲಿ ನಾನಿದ್ದೆ. ಬಾಗಿಲ ಮೇಲಿನ ಕಪ್ಪು ಬಟ್ಟೆಗೆ ಅವರ ಹೆಸರು ಬರೆಯುತ್ತಾ ಏಣಿಯ ಮೇಲಿದ್ದೆ. ಲಂಗ ತೊಟ್ಟ ಒಂದು ಮಗು ಬಂದು ತಲೆ ಸರಿಯಾಗಿ ಬಾಚಿದ್ದನ್ನು ನೋಡಿದೆ. ಕಿತ್ತುಕೊಂಡದ್ದನ್ನೂ ನೋಡಿದೆ. ಆ ಮಗು ಸರಿ ಅಂತ ಗೊತ್ತಿದ್ದವನು ಅಷ್ಟು ಜನರಲ್ಲಿ ನಾನೊಬ್ಬನೇ. ಕೈಯಲ್ಲಿ ಬ್ರಷ್ ಇತ್ತು, ಬಾಯಿ ತೆರೆಯಲಿಲ್ಲ.

ಈ ಕಾಗದವನ್ನು ಪಕ್ಷದವರಿಗೆ ತೋರಿಸಿ. ನಗುವವರು ನಗಲಿ, ಉಗಿಯುವವರು ಉಗಿಯಲಿ.

ಏಣಿ


ಮಾರ್ಚ್ 20

ಮೇಸ್ತ್ರಿಗಳೇ,

ನೀವು ಅಲ್ಲಿದ್ದಿರಿ.

ನಾಲ್ಕು ಮೆಟ್ಟಿಲು ಇಳಿದು ಬಂದು "ಮಗು ಸರಿಯಾಗಿಯೇ ಬಾಚಿದೆ" ಎಂದಿದ್ದರೆ ಏನಾಗುತ್ತಿತ್ತು? ಕಾರ್ಯದರ್ಶಿಗಳ ಕಿವಿಯಲ್ಲಿ ಬೇಡ, ನನ್ನ ಕಿವಿಯಲ್ಲಿ ಹೇಳಿದ್ದರೂ ಸಾಕಿತ್ತು. ಮೂವತ್ತೊಂದು ವರ್ಷ ನಾನು ನನ್ನನ್ನೇ ನಂಬದೆ ಬದುಕಿದೆ. ಗಿರಾಕಿಗಳ ಎಡಗಣ್ಣಿನ ನಂಬರನ್ನು ಈಗಲೂ ಎರಡೆರಡು ಸಲ ಕೇಳಿ ಬರೆದುಕೊಳ್ಳುತ್ತೇನೆ. ಅಂಗಡಿಯಲ್ಲಿ ನನ್ನನ್ನು "ಎರಡನೇ ಸಲ" ಎಂದೇ ಕರೆಯುತ್ತಾರೆ.

ಇನ್ನು ಬರೆಯಬೇಡಿ.

ಕನ್ನಡಕದ ಅಂಗಡಿಯವಳು


ಏಪ್ರಿಲ್ 4

ತಾಯಿ,

ಬರೆಯಬೇಡಿ ಅಂದಿರಿ. ಇದೊಂದು ಬರೆದು ನಿಲ್ಲಿಸುತ್ತೇನೆ. ಕ್ಷಮಿಸಿ ಅಂತ ಕೇಳುವುದಿಲ್ಲ. ಕೇಳುವ ಹೊತ್ತು ಅವತ್ತೇ ಇತ್ತು.

ನನ್ನ ಹತ್ತಿರ ನಿಮ್ಮದೊಂದು ವಸ್ತು ಉಳಿದುಬಿಟ್ಟಿದೆ, ಅದನ್ನು ಕೊಡಬೇಕು. ಅವರು ಹೋಗುವ ಹಿಂದಿನ ವರ್ಷ, ದೊಡ್ಡ ರಸ್ತೆಯ ಸೇತುವೆ ಪಕ್ಕ ಬರೆಯುತ್ತಿದ್ದೆ. ಒಂದೇ ಕಾರು ಬಂತು, ಹಿಂದೆ ಮುಂದೆ ಯಾರೂ ಇಲ್ಲ. ಅವರು ಇಳಿದರು. ಬೈತಲೆ ಎಡಕ್ಕಿತ್ತು. "ಏನ್ ಸಾರ್, ತಲೆ ಹಳೇ ಕಡೆಗೆ ತಿರುಗಿದೆ?" ಅಂದೆ.

"ಮನೆಯಿಂದ ಬರ್ತಿದೀನಿ," ಅಂದರು. "ನಮ್ಮ ಮೇಡಮ್ಮು ಬಾಚಿದ್ದು."

ಕಾರಿನ ಕನ್ನಡಿ ಬಗ್ಗಿಸಿ ಬಾಚಣಿಗೆ ತೆಗೆದರು. ಎತ್ತಿದ ಕೈ ಅಲ್ಲೇ ನಿಂತಿತು. "ಇನ್ನೊಂದು ಹತ್ತು ನಿಮಿಷ ಇರ್ಲಿ ಬಿಡು" ಅಂತ ನನ್ನ ಬಣ್ಣದ ಡಬ್ಬದ ಮೇಲೆ ಕೂತು ನನ್ನ ಫ್ಲಾಸ್ಕಿನ ಚಹಾ ಕುಡಿದರು. ಹತ್ತು ನಿಮಿಷ ಹೋಗಿ ಅರ್ಧ ಗಂಟೆ ಆಯಿತು. ಡ್ರೈವರು ಗಡಿಯಾರ ನೋಡಿದ, ಕೆಮ್ಮಿದ. ಆಗ ಎದ್ದು ಬಾಚಿಕೊಂಡರು. "ಅವಳಿಗೆ ಗೊತ್ತಾಗಬಾರದು ನೋಡು," ಅಂದರು. "ದಾರೀಲಿ ಅಳಿಸಿಬಿಡ್ತೀನಿ ಅಂತ ತಿಳಿದ್ರೆ ಮುಂದಿನ ಸಲ ಬಾಚೋದೇ ಇಲ್ಲ."

ಆ ಬೈತಲೆಯನ್ನು ಅವರು ನಿಮ್ಮೊಬ್ಬರಿಗೇ ಇಟ್ಟಿದ್ದರು, ತಾಯಿ. ಬೇರೆ ಯಾರಿಗೂ ಕೊಡಲಿಲ್ಲ.

ಜೊತೆಗೆ ಕೊಳವೆಯಲ್ಲಿ ಸುತ್ತಿ ಕಳಿಸಿರುವುದು ಆ ಮೊದಲ ಹಾಳೆ, ಪೆನ್ಸಿಲ್ ಗೆರೆ ಇರುವುದು. ಅದನ್ನು ಯಾವ ಗೋಡೆಗೂ ಹಚ್ಚಿಲ್ಲ. ಪೆನ್ಸಿಲ್ ಗೆರೆ ನಿಮ್ಮ ಕಡೆಗಿರಲಿ. ಮಗುಚಬೇಡಿ.

ಏಣಿ


ಏಪ್ರಿಲ್ 29

ಮೇಸ್ತ್ರಿ ಮಾಮ,

ನಿನ್ನೆ ಸಹಿ ಹಾಕಿದೆ. ಬೈತಲೆ ಬಲಗಡೆಗೇ ಇದೆ. ನಿಮ್ಮ ಕಾಗದ ಚೀಲದಲ್ಲಿತ್ತು, ತೆಗೆಯಲಿಲ್ಲ. "ನಾನೂ ಹೇಳಲ್ಲ" ಎಂದು ಅಪ್ಪ ನಿಮಗೆ ಕೊಟ್ಟ ಮಾತನ್ನು ನಾನು ಯಾಕೆ ಮುರಿಯಲಿ?

ಕಾರ್ಯದರ್ಶಿಗಳ ತಲೆಯಲ್ಲಿ ಈಗ ಉಳಿದಿರುವುದು ಏಳೆಂಟು ಕೂದಲು. ಅದನ್ನೂ ಬಲಗಡೆಯಿಂದ ಎಡಕ್ಕೆ ಎಳೆದು ಬಾಚಿಕೊಂಡಿದ್ದರು. ನೋಡಿ ನಗು ಬಂತು, ಆಮೇಲೆ ಪಾಪ ಅನಿಸಿತು. ಸಹಿ ಹಾಕುವ ಮೊದಲು ಪೆನ್ನು ಹಿಡಿದುಕೊಂಡೇ ನನ್ನ ಬಾಚಣಿಗೆ ಕೊಡಿ ಎಂದೆ.

"ಅದು ಜನರ ಆಸ್ತಿ ಕಣಮ್ಮಾ."

"ಪ್ರತಿಮೆ ಜನರದು, ಇಟ್ಕೊಳ್ಳಿ. ಬಾಚಣಿಗೆ ನನ್ನದು. ತುದಿಯ ಎರಡು ಹಲ್ಲು ನಾನೇ ಕಚ್ಚಿ ಮುರಿದದ್ದು."

ಬೀಗದ ಕೈ ಗೊಂಚಲು ತೆಗೆದುಕೊಂಡು ಎದ್ದರು. ಆಮೇಲೆ ಸ್ಮಾರಕಕ್ಕೆ ಕರೆದುಕೊಂಡು ಹೋಗಿ, ಬೀಗ ತೆಗೆದು ಕೈಗಿಟ್ಟರು. "ಅವತ್ತು ನಿನ್ನ ಕೈಯಿಂದ ಕಿತ್ಕೋಬಾರದಿತ್ತಮ್ಮ," ಎಂದರು. ಗಾಜಿನ ಪೆಟ್ಟಿಗೆಯಲ್ಲಿ ಚೀಟಿ ಹಾಗೇ ಇದೆ, ಮುಂದೆ ಏನೂ ಇಲ್ಲ.

ಮನೆಗೆ ಬಂದು ಹಾಳೆಯನ್ನು ಕೋಣೆಯ ಗೋಡೆಗೆ ಅಂಟಿಸಿದೆ. ಇದ್ದಿಲು ಪುಡಿ ಮಾಡಿ ಹಳೇ ಕರವಸ್ತ್ರದಲ್ಲಿ ಗಂಟು ಕಟ್ಟಿ ನೀವು ಬರೆದ ಹಾಗೇ ತಟ್ಟಿದೆ. ನೆಲವೆಲ್ಲ ಕಪ್ಪು, ನನ್ನ ಮೂಗೂ ಕಪ್ಪು. ಹಾಳೆ ತೆಗೆದಾಗ ಅಪ್ಪ ಇದ್ದರು. ಬೈತಲೆ ಎಡಕ್ಕೆ. ಎಷ್ಟು ಚಿಕ್ಕ ವಯಸ್ಸು, ಮಾಮ! ಈಗ ನನಗಿಂತ ಏಳೆಂಟು ವರ್ಷ ಚಿಕ್ಕವರು. ಬಾಚಣಿಗೆ ಹಿಡಿದುಕೊಂಡು ಅವರ ಮುಂದೆ ನಿಂತೆ. ಬಾಚೋಣವೆಂದರೆ ಗೋಡೆ. ಕೂತು ಅತ್ತೆ, ಅವತ್ತು ಅಳದೆ ಉಳಿದದ್ದನ್ನೂ ಸೇರಿಸಿ.

ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಹೋಗುವ ತನಕ ಕಾಯುತ್ತಾ ಕೂತರೆ ನಿಮಗೂ ವಯಸ್ಸಾಗುತ್ತದೆ, ನನಗೂ. ಕಣ್ಣಿನ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ, ಮುಂದಿನ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ನಾನು ರಜೆ ಹಾಕಿದ್ದೇನೆ. ಬಸ್ ನಿಲ್ದಾಣದಿಂದ ನೇರ ಮನೆಗೆ ಬನ್ನಿ. ಗೋದಾಮಿನ ಗೋಡೆ ದಾಟಿ ಮೂರನೇ ಬಾಗಿಲು, ನೀಲಿ ಬಣ್ಣದ್ದು.

ಬರುವಾಗ ತಲೆ ಬಾಚಿಕೊಂಡು ಬರಬೇಡಿ.

ಇಂತಿ,
ಬಾಚಣಿಗೆ ಮೇಡಮ್ಮು